ಮೀನಿನ ಹೊಟ್ಟೆಯಲ್ಲಿ ಬಿಟ್ಟುಬಂದ ಯೋನ

ಯೋನನ ಪದವನ್ನು ನಡುವೆ ನಿಲ್ಲಿಸಬಾರದು. ಮುದಗಲ್ಲಿನ ಶಿಲುಬೆ ಓಣಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮನೆಯಲ್ಲಿ ಯಾರ ಜೀವಕ್ಕಾದರೂ ಕುತ್ತು ಬಂದಾಗ ಹಾಡುವವರನ್ನು ಕರೆಸಿ, ಹಾಸಿಗೆಯ ಪಕ್ಕ ಕೂರಿಸಿ, ಪ್ರವಾದಿ ಯೋನನ ಕಥೆಯನ್ನು ಪದದಲ್ಲಿ ಹೇಳಿಸುತ್ತಾರೆ. ದೇವರು ನಿನವೆ ಪಟ್ಟಣಕ್ಕೆ ಹೋಗು ಎಂದರೆ ಯೋನ ಉಲ್ಟಾ ದಿಕ್ಕಿನ ಹಡಗು ಹತ್ತಿ ಓಡುತ್ತಾನೆ. ಬಿರುಗಾಳಿ ಏಳುತ್ತದೆ, ಹಡಗಿನವರು ಅವನನ್ನು ಎತ್ತಿ ಸಮುದ್ರಕ್ಕೆ ಹಾಕುತ್ತಾರೆ, ದೊಡ್ಡ ಮೀನೊಂದು ನುಂಗುತ್ತದೆ. ಅಲ್ಲಿಂದ ಅವನನ್ನು ದಡಕ್ಕೆ ತರುವವರೆಗೂ ಹಾಡುವವರು ಏಳುವಂತಿಲ್ಲ. ಮನೆಗೆ ಬೆಂಕಿ ಬಿದ್ದರೂ ಏಳುವಂತಿಲ್ಲ. ಮಿಕ್ಕ ಭಾಗ, ಅಂದರೆ ಸೋರೆಬಳ್ಳಿಯ ಭಾಗ, ರೋಗಿ ಎದ್ದು ಕುಳಿತ ಮೇಲೆ ಹಾಡುವಂಥದ್ದು.

ಅಂಥ ಪದವನ್ನು ಮೌನೇಶ್ವರಿ ಮೀನಿನ ಹೊಟ್ಟೆಗೆ ಬಂದಾಗ ನಿಲ್ಲಿಸಿದಳು. ಮರೆತು ಅಲ್ಲ. ತಿಳಿದೇ ನಿಲ್ಲಿಸಿದಳು.

ಸಿಂಧನೂರಿನ ಖಾಸಗಿ ದವಾಖಾನೆಯೊಂದರಲ್ಲಿ ಅವಳ ಗಂಡನ ಅಕ್ಕ ಪಕೀರಮ್ಮ ಮಲಗಿದ್ದಳು. ಕರುಳು ತಿರುಚಿಕೊಂಡಿದೆ, ಹೊಟ್ಟೆ ಕೊಯ್ಯಬೇಕು, ರಾಯಚೂರಿನಿಂದ ದೊಡ್ಡ ಡಾಕ್ಟರು ಸಂಜೆಗೆ ಬರುತ್ತಾರೆ ಎಂದಿದ್ದರು. ಸಕ್ಕರೆ ಕಾಯಿಲೆ ಬೇರೆ. ಬೆಳಿಗ್ಗೆಯೇ ಮಗ ಅನಿಲಕುಮಾರ ಮುದಗಲ್ಲಿಗೆ ಫೋನು ಹಚ್ಚಿ, "ಅತ್ತೀ, ಅವ್ವ ನಿನ್ನ ಕೇಳಾಕತ್ಯಾಳ. ಯೋನನ ಪದ ನಿನ್ನ ಬಾಯಿಂದನ ಬೇಕಂತ. ಬಾ" ಅಂದಿದ್ದ. ಮೌನೇಶ್ವರಿ ಬಂದಿದ್ದಳು. ಬರದೆ ಇರಲು ಏನು ಹೇಳಬೇಕೋ ಆ ಮಾತು ಅವಳ ನಾಲಿಗೆಗೆ ಬರಲಿಲ್ಲ.

ಅವಳಿಗೆ ಮಾತು ತೊದಲುತ್ತದೆ. ಹುಟ್ಟಿದಾಗಿನಿಂದ ಹಾಗೆಯೇ. ಹಾಡಿದರೆ ಮಾತ್ರ ಕಾಲುವೆ ಬಿಟ್ಟ ಹಾಗೆ ನೀರು ಹರಿಯುತ್ತದೆ. ಅವಳ ಅಪ್ಪ ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮೋಶೆಯ ಪದ ಹೇಳುತ್ತಿದ್ದ. 'ಸ್ವಾಮೀ, ನನ್ನ ನಾಲಿಗೆ ಮಂದ, ಬೇರೆ ಯಾರನ್ನಾದರೂ ಕಳಿಸು' ಎಂದು ಮೋಶೆ ಗೋಗರೆಯುವ ಜಾಗ ಬಂದಾಗ ಮಗಳ ಗಲ್ಲ ಹಿಡಿದು, "ನೋಡವಾ, ಇವನೂ ನಿನ್ನಂಗನ. ದೇವ್ರು ನಾಲಿಗಿ ರಿಪೇರಿ ಮಾಡ್ಲಿಲ್ಲ. ಹಂಗ ಕರಕೊಂಡು ಹೋದ" ಎನ್ನುತ್ತಿದ್ದ.

ಮದುವೆಯಾಗಿ ಬಂದ ಮನೆಯಲ್ಲಿ ಪಕೀರಮ್ಮನಿಗೆ ಅದು ನಗೆಯ ಮಾತಾಯಿತು. ಮೌನೇಶ್ವರಿ 'ಅ... ಅ...' ಎನ್ನುವಷ್ಟರಲ್ಲಿ 'ಅಕ್ಕಿ ಬೇಕೇನು, ಅಳ್ಳು ಬೇಕೇನು, ಅರಬ್ಬಿ ಸಮುದ್ರ ಬೇಕೇನು?' ಎಂದು ಮುಗಿಸುತ್ತಿದ್ದಳು. 'ಅವ್ರಪ್ಪ ತಿಂಥಣಿ ಮೌನಪ್ಪಗ ಬೇಡಿಕೊಂಡು ಹೆಸರು ಇಟ್ಟಾನ, ಅಂವ ಮಾತು ಇಸಗೊಂಡು ಮಗಳನ್ನ ಕೊಟ್ಟಾನ' ಎನ್ನುತ್ತಿದ್ದಳು. ಅವಳನ್ನು ಕರೆಯುವುದೇ 'ಮೌನಿ' ಎಂದು. ಓಣಿಯ ಶಿಲುಬೆ ಗುಡಿಯಲ್ಲಿ ಮೌನೇಶ್ವರಿ ಕಣ್ಣು ಮುಚ್ಚಿ, ಕುತ್ತಿಗೆ ವಾರೆ ಮಾಡಿ ಹಾಡುವಾಗ ಹಿಂದಿನ ಸಾಲಿನಲ್ಲಿ ಪಕೀರಮ್ಮನೂ ಕಣ್ಣು ಮುಚ್ಚಿ, ಕುತ್ತಿಗೆ ವಾರೆ ಮಾಡಿ, ಸದ್ದಿಲ್ಲದೆ ಬಾಯಿ ಆಡಿಸುತ್ತ ಹುಡುಗಿಯರನ್ನು ನಗಿಸುತ್ತಿದ್ದಳು.

ಅದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಇನ್ನೊಂದಿತ್ತು. ಗಂಡ ವಿರೇಶ ಒಂದು ನಸುಕಿನಲ್ಲಿ ಎದೆ ಹಿಡಿದುಕೊಂಡು ಕುಸಿದಾಗ ಮೌನೇಶ್ವರಿ ಆಂಬುಲೆನ್ಸಿಗೆ ಫೋನು ಹಚ್ಚಿದಳು. ಊರಿನ ಹೆಸರು 'ಮು... ಮು...' ಎಂದು ತುಟಿಗೆ ಅಂಟಿಕೊಂಡಿತು. ಆ ಕಡೆಯವರು ಹಲೋ ಹಲೋ ಎಂದು ಕೇಳುತ್ತಲೇ ಇದ್ದರು. ಕೊನೆಗೆ ಫೋನು ಎಸೆದು, ಬರಿಗಾಲಲ್ಲಿ ಓಣಿಗೆ ಓಡಿ, ಪಕ್ಕದವರನ್ನು ಎಬ್ಬಿಸಿಕೊಂಡು ಬರುವಷ್ಟರಲ್ಲಿ ವಿರೇಶ ತಣ್ಣಗಾಗಿದ್ದ. ಯಾವ ಗಾಡಿ ಬಂದಿದ್ದರೂ ಉಳಿಯುವ ಜೀವ ಅಲ್ಲ ಅದು ಎಂದು ಡಾಕ್ಟರೇ ಹೇಳಿದರು. ಆದರೆ ಮಣ್ಣು ಕೊಡುವಾಗ, ಓಣಿಗೆ ಓಣಿಯೇ ನಿಂತಿದ್ದಾಗ, ಪಕೀರಮ್ಮ ಎದೆ ಬಡಿದುಕೊಂಡು ಕೂಗಿದ್ದಳು: "ಈಕಿ ನಾಲಿಗಿ ನನ್ನ ತಮ್ಮನ್ನ ತಿಂತ್ರೆವ್ವೋ!"

ಅಂದಿನಿಂದ ಮೌನೇಶ್ವರಿ ಫೋನು ಬಂದರೆ ಎತ್ತುತ್ತಾಳೆ. ತಾನಾಗಿ ಯಾರಿಗೂ ಹಚ್ಚಿಲ್ಲ.

ಆ ಪಕೀರಮ್ಮನ ಪಕ್ಕ ಈ ಹೊತ್ತು ಕುಳಿತು ಹಾಡತೊಡಗಿದ್ದಳು. ಪಕೀರಮ್ಮನ ಮೂಗಿಗೆ ನಳಿಗೆ ಹಾಕಿದ್ದರು, ಹೊಟ್ಟೆ ಉಬ್ಬಿತ್ತು, ಆ ದೊಡ್ಡ ಬಾಯಿ ಬಾಡಿಹೋಗಿತ್ತು. ಹಡಗು ಹೊರಟಿತು, ಗಾಳಿ ಎದ್ದಿತು, ಮೀನು ಬಂತು.

*ಒಡಲ ಒಳಗ ಒಡಲು ಸಿಕ್ಕಿ ಉಸುರಿಗಿಲ್ಲ ಬಾಗಿಲ*
*ಕಡಲ ತಳದ ಕಸದ ಬಳ್ಳಿ ಸುತ್ತಿಕೊಂತು ಕೊರಳ*

ಅಷ್ಟರಲ್ಲಿ ಪಕೀರಮ್ಮ ಅವಳ ಕೈ ಹಿಡಿದುಕೊಂಡಳು. "ಲಗೂ ಹಾಡಿ ಮುಗಸವಾ ಮೌನಿ, ನನಗ ಹೆದರಿಕಿ ಬರಾಕತ್ತೈತಿ. ಹಾಡಿನಾಗರ ನಿನ್ನ ನಾಲಿಗಿ ನೆಟ್ಟಗ ಐತಿ" ಅಂದಳು. ಚುಚ್ಚಬೇಕೆಂದು ಅಂದ ಮಾತಲ್ಲ ಅದು. ಅವಳ ಬಾಯಿಗೆ ಬೇರೆ ಮಾತು ಗೊತ್ತೇ ಇರಲಿಲ್ಲ. ಆದರೆ ಮೌನೇಶ್ವರಿಯ ಹಳೆಯ ಸಿಟ್ಟು ಹೆಡೆ ಎತ್ತಿತು. 'ಇರಲಿ. ಇಲ್ಲೇ ಇರಲಿ. ಈಕಿನೂ ಸ್ವಲ್ಪ ಕತ್ತಲಾಗ ಇರಲಿ.' ಬಾಯಿ ಮುಚ್ಚಿಕೊಂಡಳು. ಕೈ ಬಿಡಿಸಿಕೊಂಡಳು. "ಬ... ಬ... ಬಸ್ಸು" ಅಂದಳು. ಅನಿಲಕುಮಾರ, "ಆತೇನು ಅತ್ತಿ? ಚಾ ಕುಡದು ಹೋಗು" ಅಂದ, ಅವನಿಗೆ ಪದದ ತಲೆಬುಡ ತಿಳಿಯದು. ಪಕೀರಮ್ಮನಿಗೆ ತಿಳಿದಿತ್ತು. ಮೌನೇಶ್ವರಿ ಬಾಗಿಲಲ್ಲಿ ತಿರುಗಿ ನೋಡಿದಾಗ ಆ ಕೈ ಇನ್ನೂ ಚಾದರದ ಮೇಲೆ ಹಿಡಿದದ್ದು ಹಿಡಿದ ಹಾಗೆಯೇ ಇತ್ತು, ಒಳಗೆ ಏನೂ ಇರಲಿಲ್ಲ.

ಲಿಂಗಸುಗೂರಿನ ಕೆಂಪು ಬಸ್ಸು ಹತ್ತಿ ಕುಳಿತಾಗ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಷ್ಟು ಸಿಹಿ ಇತ್ತು. ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳು ಹಿಂದೆ ಸರಿಯುವವರೆಗೆ ಆ ಸಿಹಿ ಇತ್ತು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಹೆಂಗಸರ ಪುಕ್ಕಟೆ ಟಿಕೀಟು ಹರಿದು ಕೊಟ್ಟ. ಅದನ್ನು ಕೈಯಲ್ಲಿ ಹಿಡಿದಾಗ ಅವಳಿಗೆ ಪದದ ಸಾಲೊಂದು ನೆನಪಾಯಿತು: ಯೋನ ಓಡಿಹೋಗುವಾಗ ಹಡಗಿನವರಿಗೆ ದುಡ್ಡು ಕೊಟ್ಟಿದ್ದ. ನನಗೆ ಅಷ್ಟು ಖರ್ಚೂ ಬೀಳಲಿಲ್ಲ ಎಂದುಕೊಂಡಳು. ಅಲ್ಲಿಗೆ ಸಕ್ಕರೆ ಕರಗಿತು. ಅದರ ಕೆಳಗಿನಿಂದ ಹೆದರಿಕೆ ಬಂತು.

ಆಕೆ ಸತ್ತರೆ?

ಮಸ್ಕಿ ಬಂತು. ಮಲ್ಲಯ್ಯನ ಗುಡ್ಡ ಕಿಟಕಿಯಲ್ಲಿ ನಿಂತುಕೊಂಡಿತು. ಇಲ್ಲಿ ಇಳಿದು ಹಿಂದಿರುಗುವ ಬಸ್ಸು ಹಿಡಿದರೆ ಹೊತ್ತಿಗೆ ಮುಂಚೆ ಮುಟ್ಟಬಹುದು ಅನ್ನಿಸಿತು. ಸೀಟಿನ ಕಂಬಿ ಹಿಡಿದಳು, ಏಳಲಿಲ್ಲ. ಸಂತೆಕಲ್ಲೂರಿನಲ್ಲಿ ಜನ ಇಳಿದರು, ಬುಟ್ಟಿಗಳು ಹತ್ತಿದವು, ಬಸ್ಸು ಹೊರಟಿತು. ಆಕೆ ಸತ್ತರೆ ಇನ್ನೊಮ್ಮೆ ಓಣಿಗೆ ಓಣಿಯೇ ನಿಲ್ಲುತ್ತದೆ. ಈ ಸಾರಿ ಕೂಗುವವರು ಯಾರೂ ಇರುವುದಿಲ್ಲ. ಕೂಗುತ್ತಿದ್ದವಳೇ ಮಣ್ಣಿನ ಕೆಳಗೆ ಇರುತ್ತಾಳೆ. ಆದರೆ ಈ ಸಾರಿ ಆ ಮಾತು ಖರೆ ಆಗಿರುತ್ತದೆ. ಈಕಿ ನಾಲಿಗಿ ತಿಂತು.

ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಮುದಗಲ್ಲಿನ ಗಾಡಿ ಹೊರಟು ನಿಂತಿತ್ತು. ಅವಳು ಅದನ್ನು ಹತ್ತಲೂ ಇಲ್ಲ. ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟಳು. ಬೆಳಗಿನಿಂದ ಬಾಯಿಗೆ ಒಂದು ತುತ್ತೂ ಹೋಗಿರಲಿಲ್ಲ. 'ಸಾಕು ಸ್ವಾಮಿ, ನನ್ನನ್ನ ಕರಕೋ' ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಮನಸ್ಸಿನಲ್ಲಿ ಅವಳು ಎಂದೂ ತೊದಲುವುದಿಲ್ಲ.

ಪಕ್ಕದಲ್ಲಿ ದೊಡ್ಡ ಗಂಟು ಇಟ್ಟುಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವ ಹಸೀನಾಬೀ. ಹೊಲಿದ ಕೌದಿಯನ್ನು ಸಿಂಧನೂರಿನ ಮನೆಯೊಂದಕ್ಕೆ ಮುಟ್ಟಿಸಲು ಹೊರಟಿದ್ದಳು. ಅವಳು ತನ್ನ ಬುತ್ತಿ ಬಿಚ್ಚಿ ಮೌನೇಶ್ವರಿಯ ಮುಖ ನೋಡಿದಳು, ಮತ್ತೆ ನೋಡಿದಳು. ಜೋಳದ ರೊಟ್ಟಿ ಅರ್ಧ ಮುರಿದು, ಮೇಲೆ ಪುಂಡಿಪಲ್ಯ ಇಟ್ಟು, ತೊಡೆ ತಟ್ಟಿ ಎಬ್ಬಿಸಿದಳು.

"ಏಳಬೇ, ಉಣ್ಣು. ಎಲ್ಲಿಗೆ ಹೊಂಟೀಯೋ ಏನೋ, ದಾರಿ ದೊಡ್ಡದಿದ್ರ ಏನ್ ಮಾಡ್ತೀ?"

ಮೌನೇಶ್ವರಿ ಆ ಮಾತು ಕೇಳಿ ತಲೆ ಎತ್ತಿದಳು. ಎಲೀಯನ ಪದದಲ್ಲಿ ದೇವದೂತನ ಮಾತು ಹೀಗೆಯೇ ಇದೆ. ಬೆಟ್ಟದ ಮೇಲೆ ಬೆಂಕಿ ಇಳಿಸಿದ ಪ್ರವಾದಿ, ರಾಣಿಯೊಬ್ಬಳ ಬೆದರಿಕೆಗೆ ಓಡಿ ಬಂದು, ಅಡವಿಯ ಗಿಡದ ಕೆಳಗೆ ಬಿದ್ದು, ಸಾಯಬೇಕು ಎನ್ನುತ್ತಾನೆ. ದೂತ ಬಂದು ಬಯ್ಯುವುದಿಲ್ಲ. ಯಾಕೆ ಓಡಿಬಂದೆ ಎಂದು ಮೊದಲು ಕೇಳುವುದೂ ಇಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ತೋರಿಸುತ್ತಾನೆ.

ಅವಳು ತಿಂದಳು. ಅಳುತ್ತ ತಿಂದಳು. ತಿನ್ನುತ್ತ, ಮುರಿದು ಮುರಿದು, ತೊದಲಿ ತೊದಲಿ, ನಡೆದದ್ದನ್ನೆಲ್ಲ ಆ ಗುರುತಿಲ್ಲದ ಮುದುಕಿಗೆ ಹೇಳಿಬಿಟ್ಟಳು. ಹಸೀನಾಬೀ ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಕಣ್ಣು ಅಗಲಿಸಿದಳು.

"ಯೋನ ಅಂದ್ರ ನಮ್ಮ ಯೂನುಸ್ ನಬಿ ಅಲ್ಲೇನು? ಅವ್ರನ್ನ ಮೀನಿನ ಹೊಟ್ಟ್ಯಾಗ ಬಿಟ್ಟು ಬಂದು ಇಲ್ಲಿ ಪುಂಡಿಪಲ್ಯ ತಿನ್ನಾಕತ್ತೀಯಾ? ಯಾ ಖುದಾ! ಅವ್ರಿಗೆ ಉಸುರು ಕಟ್ಟಂಗಿಲ್ಲೇನು?"

"ನ... ನೀವ ಕೊಟ್ರಿ..."

"ಕೊಟ್ಟೆ ಹೌದು. ತಿಂದೀಯಲ್ಲ, ಈಗ ಏಳು." ಹಸೀನಾಬೀ ಗಂಟು ಎತ್ತಿ ಅವಳ ತೊಡೆಯ ಮೇಲೆ ಹಾಕಿದಳು. "ಸಿಟ್ಟಿದ್ರ ಆ ನಿನ್ನ ನಾದಿನೀನ್ನ ಬಯ್ಯಿ, ಜುಟ್ಟು ಹಿಡಿ, ನಾನೂ ಬರ್ತೀನಿ. ನಬಿಯವ್ರು ಏನ್ ಮಾಡ್ಯಾರ ಪಾಪ? ಹಿಡಿ ಇದನ್ನ. ಸಿಂಧನೂರ ಗಾಡಿ ಬಂತು."

ಹೀಗೆ ಮೌನೇಶ್ವರಿ ತಾನು ಬಂದ ದಾರಿಯಲ್ಲೇ, ಇನ್ನೊಬ್ಬರ ಕೌದಿ ಅಪ್ಪಿಕೊಂಡು, ಹಿಂದಿರುಗಿದಳು. ಬಸ್ಸು ಜಾಗ ಜಾಗದಲ್ಲಿ ನಿಂತಿತು. ಪ್ರತಿ ನಿಲ್ದಾಣದಲ್ಲೂ ಅವಳು ಬಿಸಿಲನ್ನು ನೋಡುತ್ತಿದ್ದಳು. ಅದು ಮೊದಲು ಕಿಟಕಿಯ ಸರಳಿನ ಮೇಲಿತ್ತು, ಆಮೇಲೆ ಸೀಟಿನ ಮೇಲೆ, ಆಮೇಲೆ ಎದುರಿನವರ ಬೆನ್ನಿನ ಮೇಲೆ. ಮಸ್ಕಿ ದಾಟಿದಾಗ ಇನ್ನೇನು ಮುಟ್ಟಿದೆವು ಅನ್ನಿಸಿತು. ಆಮೇಲೆ ಬಸ್ಸು ನಿಂತಿತು, ಮತ್ತೆ ಹೊರಡಲಿಲ್ಲ.

ಭತ್ತದ ಹುಲ್ಲು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನ ಟ್ರಾಲಿ ನಡುರಸ್ತೆಯಲ್ಲಿ ಮಗುಚಿ ಬಿದ್ದಿತ್ತು. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು. ಡ್ರೈವರು ಇಳಿದು ಬೀಡಿ ಹಚ್ಚಿದ. ಕಂಡಕ್ಟರು, "ಜೆಸಿಬಿ ಬರಬೇಕಂತ್ರೀ, ಮಾತಾಡ್ಕೋತ ಕುಂದರ್ರಿ ಎಲ್ಲಾರೂ" ಅಂದ.

ಮೌನೇಶ್ವರಿ ಕೌದಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಡಾಕ್ಟರು ಬಂದಿರುತ್ತಾರೆ. ಪಕೀರಮ್ಮನನ್ನು ಒಳಗೆ ಒಯ್ಯುತ್ತಿರುತ್ತಾರೆ.

"ಫೋನ್ ಹಚ್ಚು" ಅಂದಳು ಹಸೀನಾಬೀ.

ಮೌನೇಶ್ವರಿ ತಲೆ ಅಲ್ಲಾಡಿಸಿದಳು.

"ನಾ ಮಾತಾಡ್ಲೇನು? ಆದ್ರ ನನಗ ಪದ ಎಲ್ಲಿ ಬರತೈತಿ? ನಾ ಹಾಡಿದ್ರ ಮೀನು ಇನ್ನೊಬ್ರನ್ನ ನುಂಗೀತು."

ಫೋನು ಕೈಯಲ್ಲಿ ಸತ್ತ ಇಲಿಯಷ್ಟು ತಣ್ಣಗಿತ್ತು. ಆ ನಸುಕು, ಆ ಹಲೋ ಹಲೋ, ನೆಲದ ಮೇಲೆ ವಿರೇಶನ ಹಿಮ್ಮಡಿ ಉಜ್ಜಿದ ಸದ್ದು. ಆಗಲೂ ಹೀಗೆಯೇ ಹೊತ್ತು ಕೈ ಜಾರುತ್ತಿತ್ತು. ಅವಳು ಕಣ್ಣು ಮುಚ್ಚಿ ಅನಿಲಕುಮಾರನ ಹೆಸರಿನ ಮೇಲೆ ಬೆರಳು ಒತ್ತಿದಳು.

"ಅತ್ತೀ! ಎಲ್ಲದೀ? ಡಾಕ್ಟರ್ ಬಂದಾರ. ಸ್ಟ್ರೆಚರ್ ತಂದು ನಿಲ್ಲಿಸ್ಯಾರ."

"ಅ... ಅ..."

"ಅವ್ವನ್ನ ಕೊಡ್ಲೇನು?"

ಸರಪರ ಸದ್ದು. ಆಮೇಲೆ ಸಣ್ಣಗೆ ಏದುಸಿರು. "ಮೌನಿ?"

"ತ... ತ..." ತಪ್ಪಾಯಿತು ಎಂಬ ಮಾತು ಹಲ್ಲಿನ ಹಿಂದೆ ನಿಂತುಕೊಂಡಿತು. 'ತಾಟು ಬೇಕೇನು, ತಂಬಿಗಿ ಬೇಕೇನು' ಎಂದು ಈಗ ಅನ್ನುತ್ತಾಳೆ ಎಂದು ಮೌನೇಶ್ವರಿ ಕುತ್ತಿಗೆ ಕುಗ್ಗಿಸಿದಳು. ಅಷ್ಟು ವರ್ಷದ ರೂಢಿ. ಆದರೆ ಆ ಕಡೆಯಿಂದ ಏನೂ ಬರಲಿಲ್ಲ. ಪಕೀರಮ್ಮ ಕಾಯುತ್ತಿದ್ದಳು. ಯಾರೋ, "ಅಮ್ಮಾ, ಫೋನ್ ಕೊಡ್ರಿ, ತಡಾ ಆಗ್ತದ" ಎನ್ನುವುದು ಕೇಳಿಸಿತು. ಆದರೂ ಕಾಯುತ್ತಿದ್ದಳು.

"ಹೇಳವಾ, ಸಾವಕಾಶ ಹೇಳು" ಅಂದಳು ಪಕೀರಮ್ಮ. "ನಾ ಎಲ್ಲಿಗೂ ಹೋಗಂಗಿಲ್ಲ. ಹೋಗೂದಿದ್ರ ಇವ್ರ ಒಯ್ತಾರ."

"ತ... ತಪ್ಪ..."

"ಅದನ್ನ ಹಿಂದಾಗಡೆ ನೋಡೋಣು. ನಂದೂ ಐತಿ, ಲೆಕ್ಕ ಮಾಡಿದ್ರ ನಂದ ಬಾಳ ಐತಿ. ಮೊದ್ಲ ಅವನ್ನ ಹೊರಗ ತಗಿ, ಮೌನೇಶ್ವರಿ."

ಪೂರ್ತಿ ಹೆಸರು ಆ ಬಾಯಿಂದ ಅವಳು ಎಂದೂ ಕೇಳಿರಲಿಲ್ಲ. ಮೌನೇಶ್ವರಿ ಬಾಯಿ ತೆರೆದಳು. ಬಿಟ್ಟಲ್ಲಿಂದಲೇ ಹಿಡಿದಳು.

*ನಿನ್ನ ಬಿಟ್ಟು ಓಡಿ ಬಂದೆ, ನೀನೆ ಇಲ್ಲಿ ಇದ್ದಿ*
*ಇನ್ನ ತಳಕ ಇಳಿದರಲ್ಲೂ ಕೈಯ ಚಾಚಿ ಇದ್ದಿ*

ಬಸ್ಸಿನಲ್ಲಿ ಗುಸುಗುಸು ನಿಂತಿತು. ಹಿಂದಿನ ಸೀಟಿನಿಂದ ಯಾರೋ, "ಏನ್ರಬೇ, ಬಸ್ಸಿನ್ಯಾಗ ಭಜನಿ ಇಟ್ಟೀರೇನು?" ಎಂದು ನಕ್ಕರು. ಹಸೀನಾಬೀ ಕೂತಲ್ಲಿಂದಲೇ ತಿರುಗಿ, "ಸುಮ್ನ ಕುಂದರಲೇ! ಒಬ್ಬ ನಬಿ ನೀರಾಗ ಅದಾರ" ಎಂದು ಗದರಿಸಿದಳು. ಅದೇನು ಎಂದು ಅವನಿಗೆ ತಿಳಿಯಲಿಲ್ಲ, ಆದರೂ ಸುಮ್ಮನಾದ.

ಹಾಡು ಕತ್ತಲೆಯಿಂದ ಮೇಲೆ ಏರುತ್ತಿತ್ತು. ಪ್ರವಾದಿ ಮೊರೆಯಿಟ್ಟ, ಮೊರೆ ಮುಟ್ಟಿತು, ಮೀನಿಗೆ ಅಪ್ಪಣೆಯಾಯಿತು. ಇನ್ನು ಕೊನೆಯ ನುಡಿ, ದಡದ ನುಡಿ. ಅಷ್ಟರಲ್ಲಿ ಕಿವಿಯಲ್ಲಿ ಟುಕ್ ಎಂದಿತು. ಏದುಸಿರಿನ ಸದ್ದು ಹೋಯಿತು. ನೋಡಿದರೆ ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಮತ್ತೆ ಹಚ್ಚಿದಳು, ಹೋಗಲಿಲ್ಲ. ಮತ್ತೆ ಹಚ್ಚಿದಳು.

"ಹಾಡು, ಹಾಡು" ಹಸೀನಾಬೀ ಮೊಣಕೈಯಿಂದ ತಿವಿದಳು. "ನಿಂತ್ರ ಮತ್ತ ಒಳಗ ಹೋದಾರು."

ಮೌನೇಶ್ವರಿ ದಡದ ನುಡಿಯನ್ನು ಸತ್ತ ಫೋನಿಗೆ ಹಾಡಿದಳು. ಬಸ್ಸಿನ ಜನಕ್ಕೆ ಹಾಡಿದಳು, ಹುಲ್ಲಿನ ರಾಶಿಗೆ ಹಾಡಿದಳು. ಯೋನ ಹೊರಗೆ ಬಿದ್ದ. ಆದರೆ ಯಾರ ದಡದ ಮೇಲೆ ಬಿದ್ದ? ಪಕೀರಮ್ಮನ ಕಿವಿಗೆ ಅವನು ಇನ್ನೂ ಮೀನಿನ ಹಲ್ಲುಗಳ ಸಂದಿಯಲ್ಲಿಯೇ ಇದ್ದ.

ಜೆಸಿಬಿ ಬಂದು, ಹುಲ್ಲು ಸರಿದು, ಬಸ್ಸು ಸಿಂಧನೂರು ಮುಟ್ಟಿದಾಗ ದೀಪ ಹತ್ತುವ ಹೊತ್ತು. ಹಸೀನಾಬೀ ತನ್ನ ಗಂಟು ಈಸಿಕೊಂಡು, "ಓಡು. ನಬಿಯವ್ರಿಗೆ ಸಲಾಂ ಹೇಳು" ಅಂದಳು. ಮೌನೇಶ್ವರಿ ಓಡಿದಳು. ದವಾಖಾನೆಯಲ್ಲಿ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತ್ತು. ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅನಿಲಕುಮಾರ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕುಳಿತಿದ್ದ. ಕೇಳಬೇಕಾದದ್ದು ಒಂದೇ ಮಾತು, ಅದೇ ಅವಳ ಬಾಯಿಗೆ ಬರಲಿಲ್ಲ. ಅವನೇ ತಲೆ ಎತ್ತಿದ.

"ಅತ್ತೀ, ನಮ್ಮವ್ವಗ ಆ ಪದ ಬರತೈತಂತ ನಿನಗ ಗೊತ್ತಿತ್ತೇನು?"

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಫೋನ್ ಕಟ್ ಆತು. ನರ್ಸ್ ಸ್ಟ್ರೆಚರ್ ಎಳೀಲಿಕ್ಕೆ ಬಂದ್ರ ಅವ್ವ ಬಾಗಿಲ ಚೌಕಟ್ಟು ಹಿಡಕೊಂಡ ಬಿಟ್ಲು. 'ಒಂದ ನುಡಿ ಉಳದೈತಿ, ತಡೀರಿ' ಅಂತ. ಕಣ್ಣು ಮುಚ್ಚಿದಳು, ಕುತ್ತಿಗಿ ಹಿಂಗ ವಾರಿ ಮಾಡಿದಳು. ಥೇಟ್ ನಿನ್ನಂಗ, ಅತ್ತಿ. ಧ್ವನಿ ಇಲ್ಲ, ರಾಗ ಇಲ್ಲ, ಆದ್ರ ಒಂದ ಅಕ್ಷರ ಬಿಡಲಿಲ್ಲ. ಆಮೇಲೆ, 'ಆತು, ಈಗ ಒಯ್ರಿ' ಅಂದ್ಲು." ಅವನು ಮೂಗು ಒರೆಸಿಕೊಂಡ. "ಯಾವಾಗ ಕಲತಳೋ ಏನೋ."

ಮೌನೇಶ್ವರಿಗೆ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ, ಹುಡುಗಿಯರ ನಗುವಿನ ನಡುವೆ, ಸದ್ದಿಲ್ಲದೆ ಆಡುತ್ತಿದ್ದ ಆ ಬಾಯಿ. ಅಷ್ಟು ವರ್ಷ ಅಣಕಿಸಲೆಂದು ಆಡಿಸಿದ ಪ್ರತಿ ಅಕ್ಷರವೂ ಒಳಗೆ ಇಳಿದು ಕುಳಿತಿತ್ತು. ಅವಳು ಅನಿಲಕುಮಾರನ ಪಕ್ಕ ನೆಲದ ಮೇಲೆ ಕುಸಿದು ಕುಳಿತಳು.

ಕೆಂಪು ದೀಪ ಆರಿತು. ಡಾಕ್ಟರು ಹೊರಬಂದು, ಕರುಳು ಬಿಡಿಸಿದ್ದೇವೆ, ಒಂದಿಷ್ಟು ಕತ್ತರಿಸಬೇಕಾಯಿತು, ಸಕ್ಕರೆಯದೇ ಹೆದರಿಕೆ, ನಾಳೆಯವರೆಗೆ ನೋಡೋಣ ಎಂದು ಹೋದರು. ಪದ ಮುಗಿದಿತ್ತು, ಹೆದರಿಕೆ ಮುಗಿದಿರಲಿಲ್ಲ.

ಒಬ್ಬರು ಮಾತ್ರ ಒಳಗೆ ಇರಬಹುದು ಎಂದಾಗ ಅನಿಲಕುಮಾರ ಅವಳನ್ನು ಕಳಿಸಿದ. ಮಂಪರಿನಲ್ಲಿ ಪಕೀರಮ್ಮನ ರೆಪ್ಪೆ ಅಲುಗಿತು.

"ದಡ... ಸಿಕ್ತೇನು?"

"ಸಿ... ಸಿ..."

ಆ ಕಣ್ಣುಗಳು ಮುಚ್ಚಿಕೊಳ್ಳಲು ಒದ್ದಾಡುತ್ತಿದ್ದವು. ಆದರೂ ಮುಚ್ಚದೆ, ಕಾಯುತ್ತ, ಮೌನೇಶ್ವರಿಯ ತುಟಿಯ ಮೇಲೆಯೇ ನಿಂತಿದ್ದವು.

"ಸಿಕ್ತು, ಅಕ್ಕಾ."

ಆಮೇಲೆ ಮುಚ್ಚಿದವು. ಮೌನೇಶ್ವರಿ ಚಾದರದ ಮೇಲಿನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅದು ಬಿಸಿಯಾಗಿತ್ತು, ಜ್ವರವೋ ಜೀವವೋ ಹೇಳಲು ಬರುವಂತಿರಲಿಲ್ಲ.

ಸೋರೆಬಳ್ಳಿಯ ಭಾಗವನ್ನು ರೋಗಿ ಎದ್ದು ಕೂರುವ ಮೊದಲು ಹಾಡಬಾರದು. ಅವಳು ಹಾಡಲಿಲ್ಲ, ಮನಸ್ಸಿನಲ್ಲೇ ಹೇಳಿಕೊಂಡಳು. ಈ ಭಾಗ ಅವಳಿಗೆ ಎಂದೂ ಸೇರಿರಲಿಲ್ಲ, ಯಾವಾಗಲೂ ಓಡಿಸಿಬಿಡುತ್ತಿದ್ದಳು. ಕೆಟ್ಟ ಪಟ್ಟಣವನ್ನು ದೇವರು ಕ್ಷಮಿಸಿಬಿಟ್ಟನಲ್ಲ ಎಂದು ಯೋನ ಮುನಿಸಿಕೊಂಡು ಊರ ಹೊರಗೆ ಕೂರುತ್ತಾನೆ. ನೆರಳು ಕೊಟ್ಟ ಬಳ್ಳಿ ಒಣಗುತ್ತದೆ. ಆಗಲೂ ದೇವರು ಬಯ್ಯುವುದಿಲ್ಲ. ನೀನು ಸಿಟ್ಟಾಗುವುದು ಸರಿಯೇನಪ್ಪಾ ಎಂದು ಕೇಳುತ್ತಾನೆ. ಪದ ಅಲ್ಲಿಗೆ ಮುಗಿಯುತ್ತದೆ. ಯೋನ ಏನು ಉತ್ತರ ಕೊಟ್ಟ ಎಂದು ಯಾವ ನುಡಿಯಲ್ಲೂ ಇಲ್ಲ.

ಆ ಪ್ರಶ್ನೆಯ ಸಾಲಿಗೆ ಬಂದಾಗ ಅವಳ ಮನಸ್ಸು ತೊದಲಿತು. ಹಿಂದೆ ಎಂದೂ ಹಾಗಾಗಿರಲಿಲ್ಲ. ಮೊದಲ ಅಕ್ಷರದ ಮೇಲೆಯೇ ಪದ ನಿಂತುಬಿಟ್ಟಿತು. ಅವಳು ಅದನ್ನು ನೂಕಲಿಲ್ಲ. ಆ ಬಿಸಿ ಕೈ ಹಿಡಿದುಕೊಂಡು, ಅದು ತಾನಾಗಿ ಬರುವವರೆಗೆ, ಕಾಯುತ್ತ ಕುಳಿತಳು.